ಹುಲಿವೇಷಕ್ಕೆ ಕಾಡೇಕೆ?

ಕೃಷ್ಣಾಷ್ಟಮಿ, ವಿಟ್ಲಪಿಂಡಿ ಉತ್ಸವಗಳು ಮುಗಿದು ವಾರವಾಗುವುದರೊಳಗೆ ಉಡುಪಿಯ ಸ್ಟುಡಿಯೊಗಳ ಗಾಜಿನ ಕಪಾಟುಗಳಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ, ರಸ್ತೆ ಬದಿಯ ಫ್ಲೆಕ್ಸ್‌ಗಳಲ್ಲಿ ಒಂದೇ ಬಗೆಯ ಚಿತ್ರಗಳು ತುಂಬಿಕೊಳ್ಳುತ್ತವೆ. ಮುದ್ದುಕೃಷ್ಣನ ವೇಷ ತೊಟ್ಟ ಮಗು ಕಂಪ್ಯೂಟರಿನ ಬೃಂದಾವನದಲ್ಲಿ ಕೊಳಲು ಹಿಡಿದಿರುತ್ತದೆ. ಹುಲಿವೇಷದ ಯುವಕ ಕಂಪ್ಯೂಟರಿನ ಕಾಡಿನಲ್ಲಿ ಬಾಯಿ ತೆರೆದು ನಿಂತಿರುತ್ತಾನೆ. 'ಎಂಥಾ ಎಡಿಟಿಂಗ್ ಮಾರಾಯ್ರೆ' ಎಂಬ ಮೆಚ್ಚುಗೆ ನೋಡಿದವರ ಬಾಯಲ್ಲಿ ತಾನಾಗಿ ಬರುತ್ತದೆ. ಈಚೆಗೆ ಓದಿಕೊಂಡವರೂ ಇದಕ್ಕೆ ದನಿ ಸೇರಿಸಿದ್ದಾರೆ. ಇದು ಜನಸಾಮಾನ್ಯರ ಕಲ್ಪನಾಶಕ್ತಿಯ ಕಲೆ ಎನ್ನುತ್ತಿದ್ದಾರೆ. ಈ ಹೊಗಳಿಕೆ ಅತಿಯಾಯಿತು. ಇಂದು ನಮ್ಮ ಕರಾವಳಿಯಲ್ಲಿ ಬಳಕೆಯಾಗುತ್ತಿರುವ ರೀತಿಯಲ್ಲಿ, ಡಿಜಿಟಲ್ ಬ್ಯಾಕ್‌ಗ್ರೌಂಡ್ ಭಾವಚಿತ್ರವನ್ನು ಬಡವಾಗಿಸಿದೆ.

ಹಿನ್ನೆಲೆಯ ಚರಿತ್ರೆಯನ್ನು ಇಲ್ಲಿ ಹಿಗ್ಗಿಸಬೇಕಾಗಿಲ್ಲ. ಗುಲಾಬಿ ತೋಟ, ಅರಮನೆಯ ಮೆಟ್ಟಿಲು ಬರೆದ ಪರದೆಗಳನ್ನು ಹಳೆಯ ಆಲ್ಬಂಗಳಲ್ಲಿ ಎಲ್ಲರೂ ಕಂಡಿದ್ದೇವೆ. ಫೋಟೊಶಾಪ್ 1990ರಲ್ಲಿ ಬಂತು. 1994ರ ಆವೃತ್ತಿಯಲ್ಲಿ ಲೇಯರ್ ಸೇರಿದ ಮೇಲೆ ಮನುಷ್ಯನನ್ನೂ ಅವನ ಹಿಂದಿನ ಜಾಗವನ್ನೂ ಬೇರೆಬೇರೆಯಾಗಿ ಇಟ್ಟು ಸರಿಸಾಡುವುದು ಸುಲಭವಾಯಿತು. ಆಮೇಲೆ ಕರಿಜ್ಮಾ ಆಲ್ಬಂನ 12x36 ಅಳತೆಗೆ ಫೋಟೊಶಾಪ್ ಕಡತಗಳಾಗಿ ಸಿದ್ಧವಾದ ಪಿಎಸ್‌ಡಿ ಬ್ಯಾಕ್‌ಗ್ರೌಂಡ್‌ಗಳ ಡಿವಿಡಿಗಳು ಊರೂರಿಗೆ ತಲುಪಿದವು. 2023ರಿಂದ ಫೋಟೊಶಾಪ್ ನಾಲ್ಕು ಶಬ್ದ ಟೈಪ್ ಮಾಡಿದರೆ ಕಾಡನ್ನೇ ಮಾಡಿ ಕೊಡುತ್ತದೆ. ಇಷ್ಟು ಸಾಕು. ಇದು ಸುಳ್ಳು ಎಂಬುದು ನನ್ನ ತಕರಾರಲ್ಲ. ಪರದೆಯ ಮೇಲಿನ ಅರಮನೆಯೂ ಸುಳ್ಳೇ ಆಗಿತ್ತು. ಹಿನ್ನೆಲೆಗೂ ಅದರ ಮುಂದೆ ನಿಂತವರಿಗೂ ಸಂಬಂಧ ಏನು ಎಂಬುದೇ ಕೇಳಬೇಕಾದ ಪ್ರಶ್ನೆ.

ಹುಲಿಯ ಚಿತ್ರವನ್ನು ಹತ್ತಿರದಿಂದ ನೋಡೋಣ. ಒಬ್ಬರದೆಂದು ಬೆರಳು ತೋರಿಸುವ ಅಗತ್ಯವಿಲ್ಲ, ಇಂಥವು ಹೇರಳವಾಗಿವೆ. ಹಳದಿ ಬಣ್ಣದ ಮೈ, ಕಪ್ಪು ಪಟ್ಟೆ, ಎತ್ತಿದ ಒಂದು ಮಂಡಿ, ಉಗುರಿನಂತೆ ಬಾಗಿಸಿದ ಬೆರಳುಗಳು. ಹಿಂದೆ ಮಂಜು ಕವಿದ ಕಾಡು. ಎಡ ಮೇಲ್ಮೂಲೆಯಿಂದ ಮರಗಳ ನಡುವೆ ಬಿಸಿಲುಕೋಲುಗಳು ಇಳಿಯುತ್ತಿವೆ. ಮೊದಲ ನೋಟಕ್ಕೆ ಭರ್ಜರಿಯಾಗಿದೆ. ಎರಡನೆಯ ನೋಟಕ್ಕೆ ಬೆಳಕು ದೂರು ಹೇಳತೊಡಗುತ್ತದೆ. ಪೈಂಟ್ ಬಳಿದ ಮೈ ಬರಿಯ ಚರ್ಮಕ್ಕಿಂತ ಹೆಚ್ಚು ಹೊಳೆಯುತ್ತದೆ, ಬೆಳಕು ಎಲ್ಲಿಂದ ಬಂತೆಂಬುದನ್ನು ಬಚ್ಚಿಡುವುದಿಲ್ಲ. ಎರಡು ಭುಜಗಳ ಮೇಲೂ ಒಂದೇ ಅಳತೆಯ ಬಿಳಿ ಚೌಕಗಳು: ಸ್ಟುಡಿಯೊದ ಎಡಬಲದ ಎರಡು ಸಾಫ್ಟ್‌ಬಾಕ್ಸ್‌ಗಳ ಗುರುತು. ಕಾಡಿನ ಬಿಸಿಲು ಈ ಮೈಯನ್ನು ಮುಟ್ಟಿಯೇ ಇಲ್ಲ. ಹುಲಿತಲೆಯ ರೋಮದ ಅಂಚಿಗೆ ಬಂದರೆ ಪೆನ್ ಟೂಲ್ ಸೋತಿದೆ. ಕೂದಲಿನ ಎಳೆಗಳಿದ್ದಲ್ಲಿ ಕತ್ತರಿಸಿದ ರಟ್ಟಿನಂಥ ಗೆರೆ, ಅದರ ಹೊರಗೆ ಹಸಿರು ಪರದೆಯ ಒಂದಿಷ್ಟು ಛಾಯೆ ಉಳಿದುಬಿಟ್ಟಿದೆ.

ಇವೆರಡೂ ತಿದ್ದಬಹುದಾದ ದೋಷಗಳು, ನುರಿತವರು ತಿದ್ದುತ್ತಾರೆ. ತಿದ್ದಲಾಗದ್ದು ಪಾದದಲ್ಲಿದೆ. ಈ ಚಿತ್ರದಲ್ಲಿ ಪಾದವಿಲ್ಲ. ಕಣಕಾಲಿನ ಕೆಳಗೆ ಹುಲ್ಲಿನ ಬ್ರಶ್ ಎಳೆದು, ಮೇಲೆ ಮಂಜು ಹರಡಲಾಗಿದೆ. ಕಾರಣ ಕೆಲಸ ಬಲ್ಲವರಿಗೆಲ್ಲ ಗೊತ್ತು: ಬರಿಗಾಲು ನೆಲ ಮುಟ್ಟುವ ಕಡೆ ಬೀಳುವ ತೆಳ್ಳನೆಯ ಕಪ್ಪು ನೆರಳನ್ನು ನಂಬುವಂತೆ ಬರೆಯುವುದು ಬಹಳ ಕಷ್ಟ. ಹಾಗಾಗಿ ಕಾಲನ್ನೇ ಮುಚ್ಚಿಬಿಡುತ್ತಾರೆ. ಆದರೆ ಹುಲಿವೇಷದ ಕಲೆ ಇರುವುದೇ ಕಾಲಿನಲ್ಲಿ. ತಾಸೆ ವಾದ್ಯದ ಬಡಿತಕ್ಕೆ ಹಿಮ್ಮಡಿ ಡಾಂಬರಿಗೆ ಅಪ್ಪಳಿಸುವುದು, ಭಾರವೆಲ್ಲ ಒಂದು ಕಾಲಿಗೆ ಬಿದ್ದು ಇನ್ನೊಂದು ಹಗುರವಾಗುವುದು, ಹೆಬ್ಬೆರಳು ನೆಲವನ್ನು ಕಚ್ಚಿ ಹಿಡಿಯುವುದು, ಇದಕ್ಕೆ ತಾನೇ ಜನ ರಥಬೀದಿಯಲ್ಲಿ ಗಂಟೆಗಟ್ಟಲೆ ಕಾಯುವುದು? ಕುಣಿತಗಾರನ ಭಾವಚಿತ್ರದಿಂದ ಕುಣಿತದ ಮೂಲವನ್ನೇ ಅಳಿಸಿದ ಮೇಲೆ ಉಳಿಯುವುದು ಬಣ್ಣ ಬಳಿದ ಮೈ ಮಾತ್ರ.

ಇನ್ನೂ ಮುಖ್ಯವಾದದ್ದು ಅರ್ಥದ ಪ್ರಶ್ನೆ. ಹುಲಿವೇಷ ನಮ್ಮನ್ನು ಹಿಡಿಯುವುದು ಅದು ಪೇಟೆಯ ನಡುವೆ ಬರುವುದರಿಂದ. ಅಂಗಡಿ, ಮಠ, ಸ್ಕೂಟರು, ತಾಯಿಯ ಸೆರಗು ಹಿಡಿದ ಮಗು, ಇವುಗಳ ಮಧ್ಯೆ ನಮ್ಮ ನೆರೆಮನೆಯ ಹುಡುಗನೊಬ್ಬ ಹುಲಿಯಾಗುತ್ತಾನೆ. ಅವನು ಮನುಷ್ಯನೆಂದು ಮಗುವಿಗೆ ಗೊತ್ತು, ಆದರೂ ಹೆದರುತ್ತದೆ. ಆ ಎರಡರ ನಡುವೆಯೇ ಕಲೆ ಹುಟ್ಟುತ್ತದೆ. ಅವನನ್ನು ಕಾಡಿನಲ್ಲಿ ನಿಲ್ಲಿಸಿದ ಕೂಡಲೇ ನಿಜವಾದ ಹುಲಿಯ ಪಕ್ಕದಲ್ಲಿಟ್ಟು ಅಳೆದಂತಾಗುತ್ತದೆ, ಆ ಅಳತೆಯಲ್ಲಿ ಅವನು ಸೋಲಲೇಬೇಕು. ಅವನನ್ನು ದೊಡ್ಡವನಾಗಿಸಲು ತಂದ ಕಾಡೇ ಅವನನ್ನು ಸಣ್ಣವನಾಗಿಸುತ್ತದೆ. ಯಕ್ಷಗಾನ ಹುಟ್ಟಿ ಬೆಳೆದ ನಾಡಿಗೆ ಇದನ್ನು ವಿವರಿಸಬೇಕಾಗಿ ಬಂದಿರುವುದು ಬೇಸರದ ಸಂಗತಿ. ಬಯಲಾಟದ ರಂಗಸ್ಥಳದಲ್ಲಿ ದೃಶ್ಯದ ಪರದೆಯಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಪಾತ್ರಧಾರಿಯ ಹೆಜ್ಜೆ ಮತ್ತು ಮಾತು, ಇಷ್ಟರಲ್ಲೇ ಕಾಡೂ ಅರಮನೆಯೂ ಯುದ್ಧಭೂಮಿಯೂ ಎದ್ದು ನಿಲ್ಲುತ್ತವೆ. ಇಲ್ಲಿಯ ಕಣ್ಣಿಗೆ ಈ ತರಬೇತಿ ತಲೆಮಾರುಗಳಿಂದ ಸಿಕ್ಕಿದೆ.

ಇಲ್ಲಿ ಸಿದ್ಧಾಂತಿಗಳ ಜತೆ ಒಂದು ಜಗಳ ಆಡಲೇಬೇಕು. ಕ್ರಿಸ್ಟೋಫರ್ ಪಿನ್ನಿಯವರ 'ಕ್ಯಾಮೆರಾ ಇಂಡಿಕಾ' (1997) ಮಧ್ಯಪ್ರದೇಶದ ನಾಗದಾ ಪಟ್ಟಣದ ಸ್ಟುಡಿಯೊಗಳನ್ನು ಕುರಿತ ಒಳ್ಳೆಯ ಪುಸ್ತಕ. ಜನ ಸ್ಟುಡಿಯೊಗೆ ಬರುವುದು ತಾವು ಏನಾಗಿದ್ದೇವೆಂದು ದಾಖಲಿಸಲು ಅಲ್ಲ, ಏನಾಗಬಲ್ಲೆವೆಂದು ನೋಡಲು ಎಂಬುದನ್ನು ಅದು ಮನಮುಟ್ಟುವಂತೆ ತೋರಿಸಿತು. ಅದೇ ವರ್ಷ ಅರ್ಜುನ್ ಅಪ್ಪಾದುರೈ ವಸಾಹತು ಕಾಲದ ಹಿನ್ನೆಲೆ ಪರದೆಯ ಬಗ್ಗೆ ಬರೆದು, ಮುಂದಿನ ಕಾಲದ ಪರದೆಗಳು ಛಾಯಾಚಿತ್ರದ ವಾಸ್ತವದ ಹಮ್ಮನ್ನೇ ಪ್ರಶ್ನಿಸುತ್ತವೆ ಎಂದು ವಾದಿಸಿದರು. ಒಪ್ಪಬಹುದಾದ ಮಾತುಗಳು. ಆದರೆ ಈ ವಾದವನ್ನು ಎತ್ತಿ ತಂದು ಇವತ್ತಿನ ಪಿಎಸ್‌ಡಿ ಕಾಡಿಗೂ ಅಂಟಿಸುವವರು ಒಂದು ದೊಡ್ಡ ವ್ಯತ್ಯಾಸವನ್ನು ಕಾಣದೆ ಹೋಗುತ್ತಾರೆ. ಬರೆದ ಪರದೆಯನ್ನು ಕೂರುವವರು ನೋಡುತ್ತಿದ್ದರು. ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು, ಸ್ಟೂಲಿನ ಮೇಲೆ ಕೈಯಿಡುತ್ತಿದ್ದರು, ಅರಮನೆಗೆ ತಕ್ಕ ಗತ್ತು ತಂದುಕೊಳ್ಳುತ್ತಿದ್ದರು. ಆಗುವ ಕೆಲಸ ಅವರ ಮೈಯಲ್ಲೇ ನಡೆಯುತ್ತಿತ್ತು. ಈಗ ಅವರು ಹಸಿರು ಬಟ್ಟೆಯೆದುರು ಕಣ್ಣು ಕಿರಿದು ಮಾಡಿ ನಿಲ್ಲುತ್ತಾರೆ. ಅವರು ಮನೆಗೆ ಹೋದ ಮೇಲೆ ಬೇರೆ ಯಾರೋ ಅವರಿಗೆ ಸ್ಥಳ ಆರಿಸುತ್ತಾರೆ. ಇದನ್ನು ಜನರ ಕಲ್ಪನಾಶಕ್ತಿ ಎನ್ನುವುದು ಹೇಗೆ? ಕಲ್ಪನೆ ಡಿವಿಡಿ ಮಾಡಿದವನದು. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿ ಜತೆ 2000ದಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯನ್ನು ಇದರ ಪಕ್ಕದಲ್ಲಿಡಿ. ಅಲ್ಲಿಯೂ ಎಲ್ಲವೂ ಕೃತಕ; ಆದರೆ ರವಿವರ್ಮನ ಬೆಳದಿಂಗಳ ಹೆಣ್ಣಾಗಲು ಕಲಾವಿದೆ ತಾವೇ ಕೈಯಿಂದ ಚಿತ್ರಿಸಿದ ಹಿನ್ನೆಲೆಯ ಮುಂದೆ ಹೋಗಿ ಕೂರುತ್ತಾರೆ. ಪಿನ್ನಿ, ಅಪ್ಪಾದುರೈ ಹೇಳಿದ್ದು ಸಲ್ಲಬೇಕಾದದ್ದು ಅಂಥ ಕೆಲಸಕ್ಕೆ.

ಎಡಿಟಿಂಗ್ ಎಂದರೆ ಮೋಸ ಎನ್ನುವ ಕ್ಯಾಮೆರಾ ಶುದ್ಧವಾದಿಗಳ ಜತೆಗೂ ನಾನಿಲ್ಲ. ಅಷ್ಟಮಿ ಬರುವುದು ಮಳೆಗಾಲದಲ್ಲಿ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಆಗ ದೋಣಿಯಿಲ್ಲ, ಅಳುವ ಮಗುವನ್ನು ಕಡಲ ದಂಡೆಗೆ ಒಯ್ಯಲಾಗದು. ದುಬೈಯಲ್ಲಿರುವ ತಂದೆಯನ್ನು ಮನೆಯ ಗ್ರೂಪ್ ಫೋಟೊಗೆ ಸೇರಿಸಿ ಕೊಡುವ ಎಡಿಟರ್ ಒಂದು ಕುಟುಂಬಕ್ಕೆ ನಿಜವಾದ ಉಪಕಾರ ಮಾಡುತ್ತಾನೆ. ಆದರೆ ಅನುಕೂಲ ಬೇರೆ, ಕಲೆ ಬೇರೆ.

ಮತ್ತು ಅನುಕೂಲಕ್ಕೂ ಒಂದು ಶಿಸ್ತು ಬೇಕು. ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರದಲ್ಲಿ ದಿಗಂತದ ಗೆರೆ ಆ ನೆಲದ ಮೇಲೆ ನಿಂತ ಎಲ್ಲರನ್ನೂ ಹಾದುಹೋಗುತ್ತದೆ. 3 ಅಡಿಯ ಕೃಷ್ಣನನ್ನು ಸ್ಟುಡಿಯೊದಲ್ಲಿ ಮಂಡಿಯೂರಿ 2 ಅಡಿ ಎತ್ತರದಿಂದ ತೆಗೆದು, ನಿಂತುಕೊಂಡು 5 ಅಡಿಯಿಂದ ತೆಗೆದ ಮಲ್ಪೆ ಕಡಲಿಗೆ ಜೋಡಿಸಿ, ದಿಗಂತವನ್ನು ಮಗುವಿನ ಎದೆಗೆ ತಂದರೆ ಮಗು 7.5 ಅಡಿಯ ಆಳಾಗುತ್ತದೆ. ನೋಡುವವರಿಗೆ ಲೆಕ್ಕ ತಿಳಿಯದಿದ್ದರೂ ಏನೋ ಸರಿಯಿಲ್ಲ ಎಂದು ಕಣ್ಣಿಗೆ ತಿಳಿಯುತ್ತದೆ. ಕಾಪುವಿನ 1901ರ ದೀಪಸ್ತಂಭ, ಹಿಂದೆ ಮುಳುಗುವ ಸೂರ್ಯ, ಮುಂದೆ ದಂಪತಿಯ ಮುಖದ ಮೇಲೆ ನಡುಹಗಲಿನ ಬೆಳಕು: ಇದೂ ಅದೇ ಜಾತಿಯ ತಪ್ಪು. ಕಾರ್ಕಳದ ಗೊಮ್ಮಟನದು ಇನ್ನೂ ಕೆಟ್ಟದ್ದು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಏಕಶಿಲೆಯ ಮುಂದೆ ಮನುಷ್ಯ ಎಷ್ಟು ಚಿಕ್ಕವನು ಎಂಬುದೇ ಆ ಜಾಗದ ಅನುಭವ. ಕುಟುಂಬದ ಹೆಗಲೆತ್ತರಕ್ಕೆ ಗೊಮ್ಮಟನನ್ನು ಕುಗ್ಗಿಸಿ ಕೂರಿಸಿದ ಚಿತ್ರ ಆ ಬೆಟ್ಟ ಹತ್ತಿದ್ದನ್ನೇ ವ್ಯರ್ಥ ಮಾಡುತ್ತದೆ. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಸ್ವರ್ಣಾ ನದಿಯ ತಿರುವು ಕೂಗಳತೆಯಲ್ಲಿರುವಾಗ ಮದುಮಕ್ಕಳ ಹಿಂದೆ ಸ್ವಿಜರ್ಲೆಂಡಿನ ಹಿಮ ಹಾಕುವುದಕ್ಕೆ ಕಾರಣವೇ ಸಿಗುವುದಿಲ್ಲ.

ಫೋಟೊ ಸ್ಪರ್ಧೆಗಳ ತೀರ್ಪುಗಾರರು, ಪತ್ರಿಕೆಗಳಲ್ಲಿ ಛಾಯಾಚಿತ್ರದ ಬಗ್ಗೆ ಬರೆಯುವವರು ಇಂಥ ಚಿತ್ರಗಳಿಗೆ ಕೌಶಲದ ಹೆಸರಿನಲ್ಲಿ ಅಂಕ ಕೊಡುವುದನ್ನು ನಿಲ್ಲಿಸಬೇಕು. ಅಂಚು ನಯವಾಗಿ ಕತ್ತರಿಸುವುದು ಕಸುಬು, ಅದಕ್ಕೆ ಕೂಲಿ ಸಲ್ಲಲಿ, ಪ್ರಶಸ್ತಿ ಸಲ್ಲಬೇಕಾಗಿಲ್ಲ. ಹಿನ್ನೆಲೆ ಬೇಕೆನ್ನುವ ಸ್ಟುಡಿಯೊ ಮೊದಲು ಅದನ್ನು ಸ್ಕ್ರೀನಿನ ಮೇಲೆ ಕೂರುವವರಿಗೆ ತೋರಿಸಲಿ, ಅವರೇ ಆರಿಸಲಿ, ಆ ಜಾಗದ ಬೆಳಕಿಗೆ ತಕ್ಕಂತೆ ದೀಪ ಇಡಲಿ, ಕಾಲನ್ನು ಮುಚ್ಚದಿರಲಿ. ಇಷ್ಟು ಮಾಡಲು ಪುರುಸೊತ್ತಿಲ್ಲದಿದ್ದರೆ ಒಂದು ಬೂದು ಪರದೆ ಸಾಕು. ಹುಲಿವೇಷದ ಮೈಯ ಮೇಲೆ ಬಣ್ಣಗಾರ ರಾತ್ರಿಯಿಡೀ ಕೂತು ಬರೆದ ಪಟ್ಟೆಗಳಿವೆ, ನೋಡಲು ಅಷ್ಟು ಧಾರಾಳವಾಗಿದೆ.