ಹಿರಿಯ ಹೆಸರುಗಳ ಹಿಂಬಡ್ತಿ

ಕಬಡ್ಡಿಯ ಅಂಕಣವನ್ನೂ ಕುಸ್ತಿಯ ಕಣವನ್ನೂ ಬಾಲ್ಯದಿಂದಲೇ ಬಲ್ಲ ಹಾವೇರಿ, ರಾಣೆಬೆನ್ನೂರುಗಳ ತರುಣರಲ್ಲಿ ಅನೇಕರು ಈಗ ಅಪರಾತ್ರಿಯವರೆಗೆ ಎಚ್ಚರವಿದ್ದು ಪರದೇಶದ ಫುಟ್‌ಬಾಲ್ ಪಂದ್ಯಗಳನ್ನು ನೋಡುತ್ತಾರೆ. ಅವರೊಡನೆ ಮಾತಿಗೆ ಕುಳಿತಾಗ, ಶತಮಾನದ ಚರಿತ್ರೆಯುಳ್ಳ ಕ್ಲಬ್ಬೊಂದು ಒಂದು ಋತುವಿನ ಸೋಲುಗಳಿಗಾಗಿ ಕೆಳದರ್ಜೆಗೆ ಇಳಿಯಬೇಕೆಂಬುದು ನಿರ್ದಯವಾದ ನಿಯಮವೆಂಬ ವಾದ ಕೇಳಿಬರುತ್ತದೆ. ಆ ವಾದದಲ್ಲಿ ಪ್ರೀತಿಯುಂಟು. ನ್ಯಾಯವಿಲ್ಲವೆಂದು ನನ್ನ ಮತ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಖರೀದಿದಾರನು ಮೆಣಸಿನಕಾಯಿಯ ಬಣ್ಣವನ್ನೂ ಒಣಗಿದ ಹದವನ್ನೂ ಪರೀಕ್ಷಿಸಿ ಟೆಂಡರಿನಲ್ಲಿ ದರ ನಮೂದಿಸುತ್ತಾನಲ್ಲದೆ, ಆ ರೈತನ ಅಜ್ಜ ಬೆಳೆದಿದ್ದ ಡಬ್ಬಿ ಕಾಯಿಯ ಕೀರ್ತಿಯನ್ನು ಕಂಡು ಒಂದು ರೂಪಾಯಿಯನ್ನೂ ಹೆಚ್ಚಿಸುವುದಿಲ್ಲ.

ಅರ್ಜೆಂಟೀನಾದ ರಿವರ್ ಪ್ಲೇಟ್ ಕ್ಲಬ್ಬಿನ ಪತನ ಇಲ್ಲಿ ವಿಚಾರಾರ್ಹವಾದುದು. ಆ ದೇಶದಲ್ಲಿ ಆಗ ಹಿಂಬಡ್ತಿಯನ್ನು ಮೂರು ಋತುಗಳ ಸರಾಸರಿಯಿಂದ ನಿರ್ಣಯಿಸುತ್ತಿದ್ದುದರಿಂದ, ದೊಡ್ಡ ತಂಡವೊಂದು ಒಂದೇ ವರ್ಷದ ದುರದೃಷ್ಟದಿಂದ ಬೀಳುವುದು ಸುಲಭವಾಗಿರಲಿಲ್ಲ. ಆದರೂ 2011ರ ಜೂನ್ 26ರಂದು ಅದು ತನ್ನ ಚರಿತ್ರೆಯಲ್ಲಿ ಪ್ರಥಮ ಬಾರಿಗೆ ಕೆಳಗಿಳಿಯಿತೆಂದರೆ, ವರ್ಷಗಳಿಂದ ಸಂಚಿತವಾಗಿದ್ದ ದೋಷಗಳಿಗೆ ಅಂದು ತೀರ್ಪು ದೊರೆಯಿತೆಂದೇ ಹೇಳಬೇಕು. ಮರುವರ್ಷವೇ ಮೇಲೇರಿ, 2015ರಲ್ಲಿ ದಕ್ಷಿಣ ಅಮೆರಿಕದ ಅತ್ಯುನ್ನತ ಕ್ಲಬ್ ಪ್ರಶಸ್ತಿಯಾದ ಲಿಬರ್ಟಡೋರೆಸ್ ಕಪ್ಪನ್ನು ಅದು ಗೆದ್ದಿತು. ಪೆಲೆಯ ಸಾಂಟೋಸ್ ಸಹ 2023ರಲ್ಲಿ ಬಿದ್ದು 2024ರಲ್ಲಿ ಎದ್ದಿತು.

ನಮ್ಮ ದೇಶದ ಕಥೆ ಬೇರೆ. 1911ರಲ್ಲಿ ಬ್ರಿಟಿಷ್ ಸೈನಿಕ ತಂಡವನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದ ಮೋಹನ್ ಬಗಾನ್, 2012ರ ಡಿಸೆಂಬರಿನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧದ ಪಂದ್ಯದ ಉತ್ತರಾರ್ಧವನ್ನು ಆಡಲು ನಿರಾಕರಿಸಿ ನಿಷೇಧಕ್ಕೆ ಗುರಿಯಾಯಿತು. ನಿಷೇಧ ರದ್ದಾದರೂ ಗಳಿಸಿದ್ದ ಅಂಕಗಳೆಲ್ಲ ಶೂನ್ಯವಾಗಿ, ಆಗ ದೇಶದ ಅಗ್ರ ದರ್ಜೆಯಾಗಿದ್ದ ಐ-ಲೀಗಿನ ತಳದಿಂದ ಮತ್ತೆ ಹೋರಾಡಿ ಅದು ಹಿಂಬಡ್ತಿಯಿಂದ ಪಾರಾಯಿತು. ಇದೇ ತಂಡವು 2015ರ ಮೇ 31ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಬೆಂಗಳೂರು ಎಫ್‌ಸಿಯೊಡನೆ 1-1ರ ಸಮಬಲ ಸಾಧಿಸಿ ಆ ಲೀಗಿನ ಪ್ರಶಸ್ತಿಯನ್ನು ಕೊಂಡೊಯ್ದಿತು. ತಳದ ಭಯವನ್ನುಂಡವರ ಛಲವನ್ನು ನಾನು ಮೆಚ್ಚುತ್ತೇನೆ, ಅದು ನಮ್ಮ ತಂಡದ ಕೈಯಿಂದ ಪ್ರಶಸ್ತಿಯನ್ನು ಕಸಿದುಕೊಂಡಾಗಲೂ.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 1996-97ರಲ್ಲಿ ಪ್ರಥಮ ರಾಷ್ಟ್ರೀಯ ಲೀಗನ್ನು ಗೆದ್ದ ಪಂಜಾಬಿನ ಜೆ.ಸಿ.ಟಿ. ತಂಡ 2011ರಲ್ಲಿ ಕೆಳಗಿಳಿಯಿತು. ಅದೇ ವರ್ಷ ಒಡೆಯರು ಅದನ್ನು ವಿಸರ್ಜಿಸಿದರು. ಬೆಂಗಳೂರಿನ ಎಚ್.ಎ.ಎಲ್. 2012ರಲ್ಲಿ ಹಿಂಬಡ್ತಿ ಹೊಂದಿದ ಮೇಲೆ ಆ ದರ್ಜೆಗೆ ಮರಳಲೇ ಇಲ್ಲ. ನಾಡಿಗೆ ಫುಟ್‌ಬಾಲಿನ ಪರಂಪರೆ ಇರಲಿಲ್ಲವೆಂದಲ್ಲ; 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ಪನ್ನು ತಂದ ನಾಡು ಇದು. 1946-47ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ಸಂಸ್ಥಾನದ ನಾಡು. ಆದರೆ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದ ಜೆ.ಸಿ.ಟಿ., ಎಚ್.ಎ.ಎಲ್.ಗಳಂಥ ತಂಡಗಳಿಗೆ ಸ್ವಂತ ಆದಾಯವಾಗಲಿ, ಕಷ್ಟಕಾಲದಲ್ಲಿ ಟಿಕೆಟು ಕೊಂಡು ಜೊತೆಗಿರುವ ದೊಡ್ಡ ಅಭಿಮಾನಿ ಸಮೂಹವಾಗಲಿ ಇರಲಿಲ್ಲವಾದ್ದರಿಂದ, ಬಿದ್ದಲ್ಲಿ ನಿಲ್ಲಲು ನೆಲವೇ ಇಲ್ಲವಾಯಿತು. ದೋಷ ಹಿಂಬಡ್ತಿಯ ನಿಯಮದಲ್ಲಿರಲಿಲ್ಲ. ಕೆಳದರ್ಜೆಯನ್ನು ಬದುಕಲಾಗದ ಸ್ಥಿತಿಯಲ್ಲಿ ಇರಿಸಿದವರಲ್ಲಿತ್ತು.

2014ರಲ್ಲಿ ಆರಂಭವಾಗಿ ಮುಂದೆ ಐ-ಲೀಗಿಗಿಂತ ಮೇಲಿನ ದರ್ಜೆಯಾದ ಇಂಡಿಯನ್ ಸೂಪರ್ ಲೀಗ್ ಹಿಂಬಡ್ತಿಯನ್ನೇ ಕೈಬಿಟ್ಟು ಈ ವ್ಯಾಧಿಗೆ ತಪ್ಪು ಔಷಧವನ್ನು ಕೊಟ್ಟಿತು. 1934ರಿಂದ ಸತತ ಐದು ಬಾರಿ ಕಲ್ಕತ್ತ ಲೀಗ್ ಗೆದ್ದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ 2014ರಲ್ಲಿ ಐ-ಲೀಗಿನಿಂದ ಇಳಿದು, ದಶಕದ ಪರಿಶ್ರಮದಿಂದ 2024ರಲ್ಲಿ ಸೂಪರ್ ಲೀಗಿಗೆ ಅರ್ಹತೆ ಪಡೆಯಿತು. ಮೊದಲ ಋತುವಿನಲ್ಲೇ ಕಟ್ಟಕಡೆಯ ಸ್ಥಾನ ಪಡೆದರೂ ಅಲ್ಲಿಯೇ ಉಳಿಯಿತು. ಏಣಿಯನ್ನು ಹತ್ತಿ ಬಂದವರಿಗೂ ಇಳಿಯುವ ಮೆಟ್ಟಿಲಿಲ್ಲವೆಂದಾದರೆ, ಕೆಳಗಿನಿಂದ ಹತ್ತಬಯಸುವವರಿಗೆ ತೆರವಾಗುವ ಸ್ಥಾನವಾದರೂ ಯಾವುದು? ನಮ್ಮ ಬೆಂಗಳೂರು ಎಫ್‌ಸಿ 2023-24ರಲ್ಲಿ ಹನ್ನೆರಡರಲ್ಲಿ ಹತ್ತನೆಯದಾಯಿತು. ಮರುವರ್ಷ ಅಂತಿಮ ಪಂದ್ಯವನ್ನು ತಲಪಿತು. ಅಷ್ಟು ಸತ್ತ್ವವುಳ್ಳ ತಂಡಕ್ಕೆ ಹಿಂಬಡ್ತಿಯಿಂದ ರಕ್ಷಣೆ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನಿಂದ ಇಳಿದ ಕ್ಲಬ್ಬಿಗೆ ಮೂರು ವರ್ಷಗಳವರೆಗೆ ಪ್ರಸಾರದ ಆದಾಯದಲ್ಲಿ ಪಾಲು ದೊರೆಯುವ ವ್ಯವಸ್ಥೆಯುಂಟು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಇಳಿಯುವ ದಾರಿಯನ್ನು ತೆರೆಯುವಾಗ, ಅಂಥದೊಂದು ಪಾಲನ್ನೂ ಅದರೊಂದಿಗೆ ಇಡಬೇಕು.