ಎಲೆ ಬೇರು ಬಿಟ್ಟ ಮೇಲೆ

ಆಫ್ರಿಕನ್ ವಯೊಲೆಟ್ ಬೆಳೆಸುವವರನ್ನು ಮಾತಿಗೆಳೆದರೆ ಮೊದಲು ಬರುವುದು ಎಲೆಯ ಕಥೆ. ಯಾರದೋ ಮನೆಯಿಂದ ಒಂದೇ ಒಂದು ಎಲೆ ತಂದು ನೆಟ್ಟೆ, ಬೇರು ಬಿಟ್ಟಿತು, ಬುಡದಲ್ಲಿ ಮರಿ ಕಾಣಿಸಿತು ಎನ್ನುವಾಗ ಅವರ ಮುಖ ಅರಳುತ್ತದೆ. ಆ ಸಂತೋಷ ನ್ಯಾಯವಾದದ್ದೇ. ಬೀಜವಿಲ್ಲದೆ, ಕಾಂಡವಿಲ್ಲದೆ, ಒಂದು ಎಲೆಯಷ್ಟರಿಂದಲೇ ಇಡೀ ಗಿಡ ಎದ್ದು ಬರುವುದನ್ನು ಎಷ್ಟು ಸಲ ನೋಡಿದರೂ ಅದು ಹಳತಾಗುವುದಿಲ್ಲ. ಆದರೆ ಆ ಮರಿಗಳಲ್ಲಿ ಎಷ್ಟು ಹೂ ಬಿಟ್ಟವು, ಎಷ್ಟು ಎರಡನೇ ಮಳೆಗಾಲ ಕಂಡವು ಎಂದು ಕೇಳಿದರೆ ಉತ್ತರ ಅಷ್ಟು ಹುರುಪಿನಿಂದ ಬರುವುದಿಲ್ಲ. ಮನೆಗಳಲ್ಲಿ ಈ ಗಿಡ ಬೆಳೆಸುವ ನಮ್ಮ ಪದ್ಧತಿಯ ಬಗ್ಗೆ ನನ್ನ ತಕರಾರು ಇರುವುದು ಇಲ್ಲಿಯೇ. ಅದು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಬೇರು ಬರಿಸುವುದರ ಮೇಲೆ ಇರುವ ಅಕ್ಕರೆ ಆಮೇಲಿನ ಬೆಳಕು, ಕುಂಡ, ಮರಿ ಬಿಡಿಸುವ ಕೆಲಸ ಇವುಗಳ ಮೇಲೆ ಇರುವುದಿಲ್ಲ. ಗಿಡ ಕೊಳೆತಾಗ "ಬಹಳ ನಾಜೂಕು ಗಿಡ" ಎಂದು ತಪ್ಪನ್ನು ಅದರ ತಲೆಗೇ ಕಟ್ಟುತ್ತೇವೆ.

ನಾಜೂಕು ಎಂಬ ಆರೋಪ ನಿಲ್ಲುವುದಿಲ್ಲ. ಇದು ಮೂಲತಃ ಬಂಡೆಯ ಗಿಡ. ಟಾಂಜಾನಿಯಾದ ಉಸಂಬರ, ಉಲುಗುರು, ಎನ್‌ಗುರು ಬೆಟ್ಟಗಳ ದಟ್ಟ ಕಾಡಿನ ನೆರಳಿನಲ್ಲಿ, ಕೀನ್ಯಾದ ಕೆಲವು ಕಡೆ, ಪಾಚಿ ಹಿಡಿದ ಕಲ್ಲಿನ ಬಿರುಕುಗಳಲ್ಲಿ ಇದರ ಕಾಡು ತಳಿಗಳು ಹಬ್ಬಿವೆ. ಜರ್ಮನರ ಆಳ್ವಿಕೆಯಿದ್ದ ಕಾಲದಲ್ಲಿ ಟಾಂಗಾ ಜಿಲ್ಲೆಯ ಅಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್-ಇಲೇರ್ 1892ರ ಸುಮಾರಿಗೆ ಇದನ್ನು ಗಮನಿಸಿ ಜರ್ಮನಿಯಲ್ಲಿದ್ದ ತನ್ನ ತಂದೆಗೆ ಕಳಿಸಿದ. ಹ್ಯಾನೋವರ್‌ನ ಹೆರೆನ್‌ಹೌಸನ್ ಉದ್ಯಾನದ ಹರ್ಮನ್ ವೆಂಡ್‌ಲಾಂಡ್ 1893ರಲ್ಲಿ ಅದಕ್ಕೆ ಸೇಂಟ್‌ಪೌಲಿಯ ಅಯೊನಾಂತ ಎಂದು ಹೆಸರಿಟ್ಟ. ಸಸ್ಯವಿಜ್ಞಾನಿಗಳು 2015ರಲ್ಲಿ ಇದನ್ನು ಸ್ಟ್ರೆಪ್ಟೊಕಾರ್ಪಸ್ ಕುಲಕ್ಕೆ ಸೇರಿಸಿದ್ದಾರೆ. ಬೆಳೆಸುವವರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಅಷ್ಟು ದೂರದ ಕಾಡನ್ನು ಕಲ್ಪಿಸಿಕೊಳ್ಳಲು ನಮಗೆ ಕಷ್ಟವಾಗಬೇಕಿಲ್ಲ. ಮಳೆಗಾಲದಲ್ಲಿ ಘಟ್ಟದ ದಾರಿಯ ತೇವದ ಬಂಡೆಗಳನ್ನು ಹತ್ತಿರದಿಂದ ನೋಡಿದವರಿಗೆ ಕಲ್ಲಿಗೆ ಅಪ್ಪಿಕೊಂಡ ನವಿರುಗೂದಲಿನ ಎಲೆಗಳು, ನಡುವೆ ತೆಳುವಾದ ತೊಟ್ಟಿನ ಮೇಲೆ ತಿಳಿನೇರಳೆ ಹೂ ಕಂಡಿರಬಹುದು. ಹೆಂಕೇಲಿಯ ಇಂಕಾನ ಎಂಬ ಆ ಗಿಡ ವಯೊಲೆಟ್ಟಿನದೇ ಗೆಸ್ನೇರಿಯೇಸಿ ಕುಟುಂಬದ್ದು. ಅದರ ಬುಡದಲ್ಲಿ ಎಷ್ಟು ಮಣ್ಣಿದೆ ಎಂದು ಬೆರಳಿಟ್ಟು ನೋಡಿ. ಪಾಚಿ, ಒಂದಿಷ್ಟು ಕೊಳೆತ ಎಲೆಪುಡಿ, ಅಷ್ಟೇ. ನೀರು ಬರುತ್ತದೆ, ಇಳಿದು ಹೋಗುತ್ತದೆ. ಬೇರಿಗೆ ತೇವ ಸಿಗುತ್ತದೆ, ಗಾಳಿಯೂ ಸಿಗುತ್ತದೆ. ವಯೊಲೆಟ್ ಸಾಕುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಮನೆಗಳಲ್ಲಿ ನಡೆಯುವ ಬಹುಪಾಲು ಎಡವಟ್ಟುಗಳು ಈ ಒಂದು ಸಂಗತಿಯನ್ನು ಮರೆತದ್ದರಿಂದಲೇ ಆಗುವಂಥವು.

ಮೊದಲು ಎಲೆಯ ವಿಚಾರ. ಲೋಟದ ನೀರಿನಲ್ಲಿ ಎಲೆ ನಿಲ್ಲಿಸಿ ಬೇರು ಬರಿಸುವುದು ಬಹಳ ಜನಪ್ರಿಯ. ಬೇರು ಕಣ್ಣಿಗೆ ಕಾಣುತ್ತದೆ ಎಂಬ ಒಂದು ಆಕರ್ಷಣೆ ಬಿಟ್ಟರೆ ಅದರ ಪರವಾಗಿ ಹೇಳಲು ನನಗೆ ಹೆಚ್ಚೇನೂ ಸಿಗುವುದಿಲ್ಲ. ನೀರಿನಲ್ಲಿ ಹುಟ್ಟಿದ ಬೇರು ಗಾಜಿನಂತೆ ಪೆಳಸು. ಮಿಶ್ರಣಕ್ಕೆ ಇಳಿಸಿದ ಮೇಲೆ ಗಿಡ ಹೊಸದಾಗಿ ಬೇರು ಕಟ್ಟಿಕೊಳ್ಳಬೇಕು, ಆ ನಡುವೆ ಎಷ್ಟೋ ಎಲೆಗಳು ಕೊಳೆಯುತ್ತವೆ. ನೇರವಾಗಿ ಕೋಕೋಪೀಟ್ ಮತ್ತು ಪರ್ಲೈಟ್ ಬೆರಕೆಯಲ್ಲಿ ಊರುವುದೇ ಒಳ್ಳೆಯ ಕ್ರಮ. ಎಲೆಯ ಆಯ್ಕೆಯಲ್ಲೂ ನಾವು ಅಗ್ಗಕ್ಕೆ ಹೋಗುತ್ತೇವೆ. ಹೇಗೂ ತೆಗೆಯಬೇಕು ಎಂದು ಕೆಳಸಾಲಿನ ಬಾಡಿದ ಎಲೆಯನ್ನು ನೆರೆಮನೆಯವರಿಗೆ ಕೊಡುತ್ತೇವೆ. ಕೊಡಬೇಕಾದ್ದು ನಡುಸಾಲಿನ, ಪೂರ್ತಿ ಬಲಿತರೂ ಮುದಿಯಾಗದ ಎಲೆ. ತೊಟ್ಟನ್ನು ಎರಡು ಮೂರು ಸೆಂಟಿಮೀಟರ್ ಉಳಿಸಿ, ಹರಿತವಾದ ಬ್ಲೇಡಿನಿಂದ ಓರೆಯಾಗಿ ಕೊಯ್ದು, ಕೊಯ್ದ ಮುಖ ಮೇಲ್ಮುಖವಾಗಿರುವಂತೆ ಊರಿದರೆ ಮರಿಗಳಿಗೆ ಮೇಲೆ ಬರಲು ದಾರಿ ಸುಲಭ. ಮೂರು ನಾಲ್ಕು ವಾರಕ್ಕೆ ಬೇರು, ಎರಡು ಎರಡೂವರೆ ತಿಂಗಳಿಗೆ ಮಣ್ಣಿನ ಮೇಲೆ ಇಲಿಕಿವಿಯಂಥ ಪುಟ್ಟ ಎಲೆಗಳು.

ಪದ್ಧತಿ ಸೋಲುವುದು ಇಲ್ಲಿಂದ ಮುಂದೆ. ಒಂದು ತೊಟ್ಟಿನ ಬುಡದಲ್ಲಿ ಒಂದಲ್ಲ, ನಾಲ್ಕೈದು ಮರಿಗಳು ಗುಂಪಾಗಿ ಏಳುತ್ತವೆ. ನೋಡಲು ತುಂಬಿದಂತೆ ಕಾಣುತ್ತದೆ, ಹಾಗಾಗಿ ಯಾರೂ ಕೈಹಾಕುವುದಿಲ್ಲ. ಗುಂಪು ಗುಂಪಾಗಿಯೇ ಬೆಳೆದು, ಒಂದರ ಎಲೆ ಇನ್ನೊಂದರ ನೆತ್ತಿಗೆ ಅಡ್ಡಬಂದು, ಯಾವುದಕ್ಕೂ ಬೆಳಕು ಸಾಲದೆ ಎಲ್ಲವೂ ಎಲೆಯ ಪೊದೆಯಾಗಿ ಉಳಿಯುತ್ತವೆ. ಹೂ ಬರುವುದಿಲ್ಲ. ಮರಿಯ ಎಲೆ ಎರಡು ಸೆಂಟಿಮೀಟರಿನಷ್ಟಾದಾಗ ಇಡೀ ಗುಂಪನ್ನು ಮೇಲೆತ್ತಿ, ಮಿಶ್ರಣ ಉದುರಿಸಿ, ಒಂದೊಂದು ಮರಿಗೂ ಅದರದೇ ನೆತ್ತಿ, ಅದರದೇ ಬೇರು ಇರುವಂತೆ ಬೆರಳಿನಿಂದ ಬಿಡಿಸಬೇಕು. ನೆತ್ತಿ ಎಲ್ಲಿದೆ ಎಂದು ಗುರುತಿಸುವುದು ಅಭ್ಯಾಸದ ಮಾತು. ಹೊಸ ಎಲೆಗಳು ಎದುರುಬದುರಾಗಿ ಹೊರಡುವ ಬಿಂದುವನ್ನು ಹುಡುಕಿದರೆ ಅದೇ ನೆತ್ತಿ. ಬೇರು ಕಡಿಮೆ ಬಂದ ಮರಿಗೂ ಹೆದರಬೇಕಿಲ್ಲ. ಪಾರದರ್ಶಕ ಡಬ್ಬಿಯೊಳಗೆ ಎರಡು ವಾರ ಮುಚ್ಚಿಟ್ಟರೆ ಚೇತರಿಸಿಕೊಳ್ಳುತ್ತದೆ. ಎಲೆ ನೆಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಬೆಳೆಸುವವರ ನಿಜವಾದ ಕೈಚಳಕ ಗೊತ್ತಾಗುವುದು ಈ ಬಿಡಿಸುವ ಕೆಲಸದಲ್ಲಿ, ಮತ್ತು ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಕುಂಡದ ವಿಷಯದಲ್ಲಿ ನಮ್ಮ ಔದಾರ್ಯವೇ ಗಿಡಕ್ಕೆ ಮುಳುವಾಗುತ್ತದೆ. ಚೆನ್ನಾಗಿ ಬೆಳೆಯಲಿ ಎಂದು ಎಂಟಿಂಚಿನ ಕುಂಡಕ್ಕೆ ಕೆಮ್ಮಣ್ಣು, ಎರೆಗೊಬ್ಬರ ತುಂಬಿ ಅದರ ನಡುವೆ ಅಂಗೈಯಗಲದ ಗಿಡ ಕೂರಿಸುತ್ತೇವೆ. ಬೇರು ತಲುಪದ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ನೆತ್ತಿ ಕೊಳೆಯುತ್ತದೆ. ಗಿಡದ ಹರವಿನ ಮೂರನೇ ಒಂದು ಭಾಗ ಕುಂಡದ ಅಗಲ ಎಂಬುದು ಅನುಭವಿಗಳ ಲೆಕ್ಕ. ಅಡಿಯಗಲ ಹರಡಿದ ಗಿಡಕ್ಕೂ ನಾಲ್ಕಿಂಚು ಸಾಕು. ತೋಟದ ಮಣ್ಣು ಇದಕ್ಕೆ ಬೇಡವೇ ಬೇಡ.

ನೀರಿನ ಬಗ್ಗೆ ಎಲ್ಲರ ಬಾಯಲ್ಲೂ ಒಂದು ನಿಯಮವಿದೆ, ಎಲೆಗೆ ನೀರು ತಾಗಿಸಬಾರದು ಎಂದು. ನಿಯಮ ತಪ್ಪಲ್ಲ, ಆದರೆ ಕಾರಣ ತಿಳಿಯದೆ ಪಾಲಿಸುವುದರಿಂದ ಎಲೆಗಳ ಮೇಲೆ ಧೂಳು ಕೂತು ಗಿಡ ಮಂಕಾಗುತ್ತದೆ. ಎಲೆಯ ಮೇಲೆ ಬೀಳುವ ಬಿಳಿಚು ಕಲೆಗೆ ಕಾರಣ ನೀರಿನ ಒದ್ದೆಯಲ್ಲ, ಅದರ ತಂಪು. ಬೆಚ್ಚಗಿನ ಎಲೆಗೆ ತಣ್ಣೀರು ಬಿದ್ದಾಗ ಒಳಗಿನ ಜೀವಕೋಶಗಳ ರಸದಾನಿಗಳು ಒಮ್ಮೆಲೇ ಕುಸಿಯುತ್ತವೆ ಎಂಬುದನ್ನು ಜಪಾನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ್ದಾರೆ. ಕೋಣೆಯಷ್ಟೇ ಬೆಚ್ಚಗಿರುವ ನೀರಿನಲ್ಲಿ ಎಲೆ ತೊಳೆದು, ನೆತ್ತಿಯಲ್ಲಿ ನಿಂತ ಹನಿಯನ್ನು ಬಟ್ಟೆಯ ತುದಿಯಿಂದ ಹೀರಿ ತೆಗೆದು, ಒಣಗುವ ತನಕ ಬಿಸಿಲಿಗೆ ಇಡದಿದ್ದರೆ ಏನೂ ಆಗುವುದಿಲ್ಲ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ನೋಡಬೇಕಾದದ್ದು ಕುಂಡದ ಅಂಚು. ಅಲ್ಲಿ ಬಿಳಿಯ, ಕೆಲವೊಮ್ಮೆ ಕಂದುಬಣ್ಣದ ಉಪ್ಪು ಕಟ್ಟುತ್ತದೆ. ಅದಕ್ಕೆ ತಾಗಿದ ತೊಟ್ಟು ಸುಟ್ಟಂತೆ ಕರಗುತ್ತದೆ. ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ಮಳೆನೀರು ಸುರಿದು ಉಪ್ಪನ್ನು ಇಳಿಸಿಬಿಟ್ಟರೆ ಒಳ್ಳೆಯದು.

ಬತ್ತಿಯ ಪದ್ಧತಿ, ಅಂದರೆ ಕುಂಡದ ತಳದಿಂದ ನೈಲಾನ್ ದಾರವೊಂದನ್ನು ಕೆಳಗಿನ ಡಬ್ಬಿಯ ನೀರಿಗೆ ಇಳಿಬಿಡುವುದು, ಬೆಂಗಳೂರು, ಮೈಸೂರಿನ ಮನೆಗಳಿಗೆ ಚೆನ್ನಾಗಿ ಒಗ್ಗಿದೆ. ಊರಿಗೆ ಹೋಗಿಬರುವವರಿಗೆ ದೊಡ್ಡ ಅನುಕೂಲ. ಮಿಶ್ರಣದಲ್ಲಿ ಅರ್ಧದಷ್ಟು ಪರ್ಲೈಟ್ ಇರಬೇಕು ಎಂಬ ಷರತ್ತನ್ನು ಮಾತ್ರ ಬಿಡುವಂತಿಲ್ಲ. ಆದರೆ ಜುಲೈ ತಿಂಗಳ ಮಲೆನಾಡಿನಲ್ಲಿ, ಬಟ್ಟೆಯೇ ವಾರಗಟ್ಟಲೆ ಒಣಗದ ಮನೆಯಲ್ಲಿ, ಬತ್ತಿ ಎಳೆದು ತೆಗೆದಿಡುವುದೇ ಕ್ಷೇಮ. ಅಲ್ಲಿ ಗಿಡಕ್ಕೆ ಬೇಕಾದ್ದು ನೀರಲ್ಲ, ಗಾಳಿಯಾಡುವ ಜಾಗ. ಇಲ್ಲದಿದ್ದರೆ ಎಲೆಯ ಮೇಲೆ ಬೂದಿರೋಗ ಕೂರುತ್ತದೆ.

ಬೆಳಕಿನ ವಿಷಯಕ್ಕೆ ನಾವು ಕೊಡುವ ಬೆಲೆ ಏನೂ ಸಾಲದು. ನೆರಳಿನ ಗಿಡ ಎಂದು ಕೇಳಿದ್ದೇ ತಡ, ಟೀವಿ ಪಕ್ಕದ ಮೂಲೆಗೆ ಸೇರಿಸುತ್ತೇವೆ. ಗಿಡ ಸಾಯುವುದಿಲ್ಲ, ಎಲೆತೊಟ್ಟುಗಳನ್ನು ಉದ್ದಕ್ಕೆ ಚಾಚಿ ಬೆಳಕು ಹುಡುಕುತ್ತ ಹೂವಿಲ್ಲದೆ ವರ್ಷಗಟ್ಟಲೆ ಬದುಕಿರುತ್ತದೆ. ಪೂರ್ವದ ಕಿಟಕಿಯ ಎಳೆಬಿಸಿಲು, ಇಲ್ಲವೇ ಅಡಿಯೆತ್ತರದಲ್ಲಿ ತೂಗಿದ ಸಾಧಾರಣ ಎಲ್‌ಇಡಿ ಟ್ಯೂಬಿನ ಹನ್ನೆರಡು ಗಂಟೆಯ ಬೆಳಕು ಇದಕ್ಕೆ ಬೇಕು, ಜೊತೆಗೆ ಎಂಟು ಗಂಟೆಯಾದರೂ ಕತ್ತಲೆ. ಬೆಳಕು ಹೆಚ್ಚಾದರೆ ನೆತ್ತಿಯ ಎಲೆಗಳು ಬಿಗಿದುಕೊಂಡು ಬಣ್ಣ ಬಿಳಿಚುತ್ತವೆ. ನೆತ್ತಿ ಬೂದಿಬಣ್ಣಕ್ಕೆ ತಿರುಗಿ ಗಡುಸಾಗಿ ಮುರುಟಿದರೆ ಅದು ಬೆಳಕಲ್ಲ, ಮೈಟ್ ನುಸಿ. ಆ ಗಿಡವನ್ನು ಉಳಿದವುಗಳಿಂದ ಅಂದೇ ದೂರ ಮಾಡಬೇಕು.

ಹಳೆಯ ಗಿಡದ ಗತಿ ಏನು? ಕೆಳಗಿನ ಎಲೆಗಳು ಉದುರಿದಂತೆ ಬರಿಯ ಕಾಂಡ ಕತ್ತಿನಂತೆ ಮೇಲೆದ್ದು ಗಿಡ ವಾಲುತ್ತದೆ. ಬಹಳ ಮಂದಿ ಅಲ್ಲಿಗೆ ಅದನ್ನು ಎಸೆದು ಮತ್ತೆ ಎಲೆಯಿಂದ ಶುರುಮಾಡುತ್ತಾರೆ. ಅನ್ಯಾಯ ಅದು. ಗಿಡ ಹೊರತೆಗೆದು, ಬೇರುಮುದ್ದೆಯ ಕೆಳಭಾಗವನ್ನು ಕತ್ತಿನ ಉದ್ದದಷ್ಟೇ ಕೊಯ್ದು, ಕತ್ತಿನ ಒಣ ಸಿಪ್ಪೆಯನ್ನು ಚಾಕುವಿನ ಮೊಂಡಬದಿಯಿಂದ ಹಸಿರು ಕಾಣುವ ತನಕ ಮೆಲ್ಲಗೆ ಹೆರೆದು, ಕೊನೆಯ ಸಾಲಿನ ಎಲೆ ಅಂಚಿಗೆ ಬರುವಂತೆ ಅದೇ ಕುಂಡದಲ್ಲಿ ಕೆಳಗಿಳಿಸಿ ಹೊಸ ಮಿಶ್ರಣ ತುಂಬಿದರೆ ಹೆರೆದ ಜಾಗದಿಂದಲೇ ಬೇರೊಡೆಯುತ್ತದೆ. ಹೀಗೆ ವರ್ಷಕ್ಕೊಮ್ಮೆ ಮಾಡುತ್ತ ಒಂದೇ ಗಿಡವನ್ನು ದಶಕಗಳ ಕಾಲ ಉಳಿಸಿಕೊಳ್ಳಬಹುದು.

ಅಮೆರಿಕದಲ್ಲಿ ಈ ಗಿಡದ ವ್ಯಾಮೋಹ ಬೆಳೆದದ್ದು ಲಾಸ್ ಏಂಜಲೀಸ್‌ನ ಆರ್ಮಕಾಸ್ಟ್ ಅಂಡ್ ರಾಯ್‌ಸ್ಟನ್ ನರ್ಸರಿಯಿಂದ. 1920ರ ದಶಕದಲ್ಲಿ ಯುರೋಪಿನಿಂದ ಬೀಜ ತರಿಸಿ, ಬೆಳೆದ ಸಸಿಗಳಲ್ಲಿ ಹತ್ತನ್ನು ಮಾತ್ರ ಆರಿಸಿ ಅವರು ಮಾರಾಟಕ್ಕಿಟ್ಟರು. 'ಬ್ಲೂ ಬಾಯ್' ಅವುಗಳಲ್ಲೊಂದು. 1946ರಲ್ಲಿ ಅಟ್ಲಾಂಟಾದಲ್ಲಿ ಬೆಳೆಗಾರರ ಸಂಘವೇ ಹುಟ್ಟಿತು. ಅವರ ಪ್ರದರ್ಶನಗಳಲ್ಲಿ ಹೂವಿನ ಜೊತೆಗೆ ಎಲೆಗಳ ಸುತ್ತುಜೋಡಣೆಗೂ ಅಂಕವಿದೆ. ಅದನ್ನು ಅತಿಯಾದ ಶಿಸ್ತು ಎನ್ನುವವರಿದ್ದಾರೆ, ನನಗೆ ಹಾಗೆ ಕಾಣುವುದಿಲ್ಲ. ಒಂದೇ ನೆತ್ತಿ ಉಳಿಸಿ ಎಲೆಸಂದಿನಲ್ಲಿ ಏಳುವ ಕಂಕುಳ ಮರಿಗಳನ್ನು ತೆಗೆಯುವುದು, ವಾರಕ್ಕೊಮ್ಮೆ ಕುಂಡ ತಿರುಗಿಸುವುದು, ಎಲ್ಲವೂ ಗಿಡವನ್ನು ದಿನಾ ಕಣ್ಣಿಟ್ಟು ನೋಡುವುದನ್ನು ಕಲಿಸುತ್ತವೆ.

ಎಲೆಯ ಪದ್ಧತಿಗೆ ಅದರದೇ ಒಂದು ಗಡಿಯೂ ಇದೆ, ಅದನ್ನು ಹೇಳದೆ ಎಲೆ ಮಾರುವವರ ಮೇಲೆ ನನಗೆ ಸಿಟ್ಟಿದೆ. ದಳದ ನಡುವೆ ಗಿರಿಗಿಟ್ಟಲೆಯಂತೆ ಪಟ್ಟೆಯಿರುವ ಕೈಮೇರಾ ತಳಿಗಳಲ್ಲಿ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಕೂಡಿರುತ್ತವೆ. ಎಲೆತೊಟ್ಟಿನಿಂದ ಹುಟ್ಟುವ ಮರಿಯಲ್ಲಿ ಆ ಪದರಗಳ ಜೋಡಣೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಹೂ ಬಿಟ್ಟಾಗ ಪಟ್ಟೆ ಮಾಯ. ಆ ತಳಿಯನ್ನು ಮುಂದುವರಿಸಬೇಕಾದರೆ ಕಂಕುಳ ಮರಿಯೇ ಬೇಕು, ಇಲ್ಲವೇ ಹೂತೊಟ್ಟನ್ನೇ ನೆಟ್ಟು ಅದರ ಪುಟ್ಟ ಎಲೆಗಳ ಸಂದಿನಿಂದ ಚಿಗುರು ಹೊರಡಿಸಬೇಕು. ಇದು ನಿಧಾನದ ಕೆಲಸ, ಆದ್ದರಿಂದಲೇ ಆ ಗಿಡಗಳಿಗೆ ಬೆಲೆ ಹೆಚ್ಚು. ಕೈಮೇರಾದ ಎಲೆ ಎಂದು ದುಬಾರಿ ಬೆಲೆಗೆ ಕೊಂಡವರು ಏಳೆಂಟು ತಿಂಗಳು ಸಾಕಿ, ಒಂದೇ ಬಣ್ಣದ ಹೂ ಕಂಡು, ತಮ್ಮ ಆರೈಕೆಯಲ್ಲೇ ಏನೋ ಕೊರತೆಯಾಯಿತೆಂದು ಕೊರಗುವುದನ್ನು ನೋಡಿದ್ದೇನೆ. ಕೊರತೆ ಅವರದ್ದಲ್ಲ. ಪಟ್ಟೆಯ ಹೂ ಬೇಕಾದವರು ಎಲೆಗೆ ದುಡ್ಡು ಸುರಿಯದೆ, ಹೂ ಬಿಟ್ಟು ನಿಂತ ಗಿಡವನ್ನೇ ಕಣ್ಣಾರೆ ನೋಡಿ ತರುವುದು ಲೇಸು.