ಕುಮಾರಪರ್ವತದ ಏರು

ಪಶ್ಚಿಮಘಟ್ಟದ ಶಿಖರಗಳಲ್ಲಿ 1712 ಮೀಟರು ಎತ್ತರದ ಕುಮಾರಪರ್ವತವು ಅತ್ಯುನ್ನತವೇನೂ ಅಲ್ಲ. ಆದರೂ, ಕುಕ್ಕೆ ಸುಬ್ರಹ್ಮಣ್ಯದ ತಪ್ಪಲಿನಿಂದ ಕಾಲ್ನಡಿಗೆಯಲ್ಲಿ ಹೊರಟ ಹವ್ಯಾಸಿಗಳ ಸಹನೆಯನ್ನೂ ಸ್ನೇಹವನ್ನೂ ಒಮ್ಮೆಗೇ ಒರೆಗೆ ಹಚ್ಚುವಲ್ಲಿ ಅದಕ್ಕೆ ಸಮನಾದ ಗಿರಿ ನಮ್ಮ ನಾಡಿನಲ್ಲಿ ವಿರಳವೆಂದೇ ನನ್ನ ಭಾವನೆ. ಏರುದಾರಿಯ ನಡುವಣ ಗಿರಿಗದ್ದೆಯವರೆಗೆ ದಟ್ಟವಾದ ಕಾನನ. ಬೇರುಗಳೇ ಸೋಪಾನಗಳಾದ ಆ ಏರಿನಲ್ಲಿ, ತೇವವಿದ್ದ ದಿನಗಳಲ್ಲಿ, ಇಂಬಳಗಳ ಕಾಟ. ಅನಂತರ ನೆರಳೆಂಬುದೇ ಇಲ್ಲದ ಹುಲ್ಲುಗಾವಲು. ಕಲ್ಲುಮಂಟಪವನ್ನು ದಾಟಿ, ಶೇಷಪರ್ವತದ ನೆತ್ತಿಯನ್ನು ಮುಟ್ಟಿ, ಇದೇ ಕೊನೆಯೆಂದು ನಿಟ್ಟುಸಿರು ಬಿಟ್ಟವನಿಗೆ ನಿಜವಾದ ಶಿಖರವು ಇನ್ನೂ ಆಚೆಗೆ ಕಾಣಿಸಿದಾಗ, ಕಾಲಿಗಿಂತ ಮೊದಲು ಮನಸ್ಸು ಸೋಲುವುದು. ಮಿತ್ರನ ಬೆಲೆ ತಿಳಿಯುವುದು ಅಲ್ಲಿಯೇ: ಮುಂದೆ ಸಾಗಬಲ್ಲವನು ತಾನಾಗಿ ಹೆಜ್ಜೆಯನ್ನು ಕುಗ್ಗಿಸಿ, ಹಿಂದುಳಿದವನ ಚೀಲವನ್ನು ಮಾತಿಲ್ಲದೆ ಹೆಗಲಿಗೇರಿಸಿಕೊಂಡು, ಉಳಿದ ನೀರನ್ನು ಗುಟುಕು ಗುಟುಕಾಗಿ ಹಂಚುವ ಆ ಸೌಜನ್ಯವು, ಸಮತಲದ ಬದುಕಿನಲ್ಲಿ ವರ್ಷಗಳ ಒಡನಾಟದಿಂದಲೂ ಪ್ರಕಟವಾಗಲು ಅವಕಾಶ ದೊರೆಯದ ಗುಣ. ಶೇಷಪರ್ವತದಾಚೆಯ ಶೋಲಾ ಕಾಡಿನ ತಂಪನ್ನೂ ಅದರಾಚೆಯ ಜಾರುಬಂಡೆಯನ್ನೂ ಪರಸ್ಪರ ಕೈಹಿಡಿದು ಕಳೆದು ನೆತ್ತಿಯಲ್ಲಿ ನಿಂತಾಗ, ಒಂದು ಕಡೆ ಕೊಡಗಿನ ಬೆಟ್ಟಸಾಲು, ಮತ್ತೊಂದು ಕಡೆ ದಕ್ಷಿಣ ಕನ್ನಡದ ಹಸುರು ಕಣಿವೆಗಳು; ಕಟ್ಟಿ ತಂದ ಅವಲಕ್ಕಿಯನ್ನು ಎಲ್ಲರೂ ಒಂದೇ ಡಬ್ಬಿಯಿಂದ ತಿನ್ನುತ್ತ, ಬಿಸಿಲೆಯ ಘಾಟಿಯು ಯಾವ ದಿಕ್ಕಿಗಿದೆಯೆಂಬ ವಾದಕ್ಕೆ ಪರಮೋತ್ಸಾಹದಿಂದ ತೊಡಗುವೆವು.